ಪರಿಸರ ವಿಜ್ಞಾನ ಓದಬೇಕೆ? ಮೊದಲು ಕಾಂಬಿನೇಷನ್ ನೋಡಿ

ಅಡ್ಮಿಷನ್ ಶುರುವಾಯಿತೆಂದರೆ ನಮ್ಮ ಕಾಲೇಜಿನ ವರಾಂಡದಲ್ಲಿ ಒಂದು ಟೇಬಲ್ ಹಾಕಿ ನನ್ನನ್ನು ಕೂರಿಸುತ್ತಾರೆ. ನಾನು ಕೆಮಿಸ್ಟ್ರಿ ಮೇಷ್ಟ್ರು. ಆದರೆ ಆ ಎರಡು ವಾರ ಎಲ್ಲಾ ವಿಷಯದ ವಕೀಲನೂ ನಾನೇ. ಹೋದ ವರ್ಷ ಒಬ್ಬರು ಮಗಳ ಪಿಯುಸಿ ಅಂಕಪಟ್ಟಿ ಹಿಡಿದು ಬಂದರು. "ಸಾರ್, ಪರಿಸರ ಅಂತ ಒಂದು ಪೇಪರ್ ಬಿಕಾಂನವರಿಗೂ ಇರತ್ತಲ್ವಾ? ನಮ್ ಹುಡುಗಿ ಅದನ್ನೇ ಮೂರು ವರ್ಷ ಓದ್ತೀನಿ ಅಂತಾಳೆ" ಅಂದರು. ಮಗಳು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು.

ಅವರ ಅನುಮಾನ ತಪ್ಪೇನಲ್ಲ. ಆ ಗೊಂದಲ ಬಿಡಿಸುವುದೇ ಮೊದಲ ಕೆಲಸ.

ಹೆಜ್ಜೆ 1: ಪೇಪರ್ ಬೇರೆ, ಡಿಗ್ರಿ ಬೇರೆ

ಎಲ್ಲರೂ ಓದುವ ಆ ಪೇಪರ್ ಬಂದದ್ದು ಸುಪ್ರೀಂ ಕೋರ್ಟಿನಿಂದ. ಎಂ.ಸಿ. ಮೆಹ್ತಾ ಎಂಬ ವಕೀಲರು ಹೂಡಿದ ಕೇಸಿನಲ್ಲಿ 1991ರ ನವೆಂಬರ್‌ನಲ್ಲಿ ಕೋರ್ಟ್ ಒಂದು ಆದೇಶ ಕೊಟ್ಟಿತು. ಶಾಲೆಯಿಂದ ಕಾಲೇಜಿನವರೆಗೆ ಪರಿಸರ ಪಾಠ ಇರಲೇಬೇಕು ಎಂದಿತು. ಆಮೇಲೆ ವರ್ಷಗಟ್ಟಲೆ ಏನೂ ಆಗಲಿಲ್ಲ. 2003ರಲ್ಲಿ ಕೋರ್ಟ್ ಮತ್ತೆ ಬಿಗಿಯಾಗಿ ಹೇಳಿದ ಮೇಲೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಪಠ್ಯ ಎಲ್ಲಾ ಡಿಗ್ರಿಗಳಿಗೂ ಬಂತು. 50 ಗಂಟೆಯ ಪಾಠ, ಅದರಲ್ಲಿ ಹೊರಗೆ ಹೋಗಿ ಮಾಡುವ ಕೆಲಸವೂ ಸೇರಿತ್ತು. 100 ಅಂಕದಲ್ಲಿ 25 ಈ ಫೀಲ್ಡ್ ವರ್ಕ್‌ಗೆ. ಹತ್ತಿರದ ಕೆರೆಗೋ ಗುಡ್ಡಕ್ಕೋ ಕಸದ ಗುಂಡಿಗೋ ಹೋಗಿ ನೋಡಿ ಬರೆಯಬೇಕಿತ್ತು. ಎಷ್ಟು ಕಡೆ ಮಕ್ಕಳನ್ನು ನಿಜವಾಗಿ ಕೆರೆ ಹತ್ತಿರ ಕರೆದುಕೊಂಡು ಹೋದರು ಅಂತ ಕೇಳಬೇಡಿ. ಸೀನಿಯರ್ಸ್ ರೆಕಾರ್ಡ್ ನೋಡಿ ಬರೆದ ಎಷ್ಟೋ ಕೆರೆಗಳನ್ನು ನಾನೇ ತಿದ್ದಿದ್ದೇನೆ. ಮೂರು ವರ್ಷ ಒಂದೇ ಕೆರೆ, ಒಂದೇ ಹದಿನಾಲ್ಕು ಹಕ್ಕಿ.

ಈ ಪೇಪರ್ ಪಾಸಾಗದಿದ್ದರೆ ಡಿಗ್ರಿ ಕೈಗೆ ಬರುವುದಿಲ್ಲ, ಅಷ್ಟೇ ಅದರ ತೂಕ. ಪರಿಸರ ವಿಜ್ಞಾನವನ್ನು ಬಿಎಸ್ಸಿಯ ಮುಖ್ಯ ವಿಷಯವಾಗಿ ಓದುವುದು ಬೇರೆಯೇ ಸಂಗತಿ. ಅಲ್ಲಿ ಪ್ರತಿ ಸೆಮಿಸ್ಟರ್ ಥಿಯರಿ, ಪ್ರತಿ ವಾರ ಲ್ಯಾಬ್. ನೀರು, ಗಾಳಿ, ಮಣ್ಣು, ಶಬ್ದ, ಕಸ, ಕಾನೂನು ಎಲ್ಲವೂ ಬರುತ್ತದೆ.

ಹೆಜ್ಜೆ 2: ಕೆಲಸದ ಕಡೆಯಿಂದ ಹಿಂದಕ್ಕೆ ಬನ್ನಿ

ಬಹಳ ಜನ ಮುಂದಿನಿಂದ ಯೋಚಿಸುತ್ತಾರೆ. ಕಾಡು ಇಷ್ಟ, ಪರಿಸರ ಇಷ್ಟ, ಹಾಗಾಗಿ ಪರಿಸರ ವಿಜ್ಞಾನ. ನಾನು ಹೇಳುವುದು ಉಲ್ಟಾ. ಯಾವ ಕೆಲಸ ಬೇಕು ಅಂತ ಮೊದಲು ಒಂದು ಅಂದಾಜು ಮಾಡಿ. ಆ ಕೆಲಸದ ಅಧಿಸೂಚನೆ ತೆಗೆದು ವಿದ್ಯಾರ್ಹತೆಯ ಪ್ಯಾರಾ ಓದಿ. ಆಮೇಲೆ ಡಿಗ್ರಿಗೆ ಬನ್ನಿ.

ಆ ಹುಡುಗಿಯನ್ನು "ಏನಾಗಬೇಕಮ್ಮಾ?" ಅಂತ ಕೇಳಿದೆ. "ಐಎಫ್‌ಎಸ್ ಸಾರ್, ಕಾಡಿಂದು" ಅಂದಳು. ಭಾರತೀಯ ಅರಣ್ಯ ಸೇವೆ. ಫೋನ್‌ನಲ್ಲೇ ಯುಪಿಎಸ್‌ಸಿ ಅಧಿಸೂಚನೆ ತೆಗೆದು ಇಬ್ಬರಿಗೂ ತೋರಿಸಿದೆ. ಡಿಗ್ರಿಯಲ್ಲಿ ಈ ವಿಷಯಗಳಲ್ಲಿ ಒಂದಾದರೂ ಇರಬೇಕು: ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ. ಇಲ್ಲದಿದ್ದರೆ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು.

ಅವಳು ಎರಡು ಸಲ ಓದಿದಳು. "ಪರಿಸರ ವಿಜ್ಞಾನ ಇಲ್ಲವಲ್ಲ ಸಾರ್?"

ಇಲ್ಲ. ಕಾಡು ಕಾಯುವ ಹುದ್ದೆಗೆ ಗಣಿತ ಓದಿದವರು ಅರ್ಜಿ ಹಾಕಬಹುದು. ಬರೀ ಪರಿಸರ ವಿಜ್ಞಾನವನ್ನೇ ಆನರ್ಸ್ ಮಾಡಿದವರು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಇದು ಸರಿಯಾ ಅಂತ ಕೇಳಿದರೆ ನನಗೂ ಸರಿ ಅನ್ನಿಸುವುದಿಲ್ಲ. ಆದರೆ ನಿಯಮ ಇರುವುದು ಹೀಗೆ. ದಾರಿ ಮಾತ್ರ ಸುಲಭ. ಪರಿಸರ ವಿಜ್ಞಾನದ ಜೊತೆಗೆ ಕೆಮಿಸ್ಟ್ರಿ ಮತ್ತು ಬಾಟನಿ, ಇಲ್ಲವೇ ಕೆಮಿಸ್ಟ್ರಿ ಮತ್ತು ಜುವಾಲಜಿ ಇರುವ ಕಾಂಬಿನೇಷನ್ ತಗೊಳ್ಳಿ. ಆಗ ಈ ಬಾಗಿಲೂ ತೆರೆದಿರುತ್ತದೆ.

ಇಂಥದ್ದೇ ಇನ್ನೊಂದು ಗುಂಡಿ ಇದೆ, ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ರಾಜ್ಯದ ಪಿಯು ಕಾಲೇಜುಗಳಲ್ಲಿ ಪರಿಸರ ವಿಜ್ಞಾನ ಅಂತ ಒಂದು ಐಚ್ಛಿಕ ವಿಷಯವೇ ಇಲ್ಲ. ವಿಷಯ ಇಲ್ಲದ ಮೇಲೆ ಉಪನ್ಯಾಸಕರ ಹುದ್ದೆ ಎಲ್ಲಿಂದ ಬರಬೇಕು? ಎಂಎಸ್ಸಿ ಮುಗಿಸಿ ಪಿಯು ಲೆಕ್ಚರರ್ ಆಗುತ್ತೇನೆ ಅಂದುಕೊಂಡವರು ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು. ಪಾಠ ಮಾಡುವ ಆಸೆ ಇದ್ದರೆ ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯ. ಅದಕ್ಕೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಕಾಡೇ ಬೇಕು ಅನ್ನುವವರಿಗೆ ಬಿಎಸ್ಸಿ ಫಾರೆಸ್ಟ್ರಿ ಇದೆ. ಶಿರಸಿಯಲ್ಲಿ ಮತ್ತು ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಅದು ನಾಲ್ಕು ವರ್ಷದ ಕೋರ್ಸ್, ಸೀಟು ಕೆಸಿಇಟಿ ಮೂಲಕ. ಇಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಕೊಳಚೆ ನೀರು ಶುದ್ಧ ಮಾಡುವ ಘಟಕ ಕಟ್ಟಬೇಕು ಅನ್ನುವವರದ್ದು ಎಂಜಿನಿಯರಿಂಗ್ ದಾರಿ. ಮೈಸೂರಿನ ಎಸ್‌ಜೆಸಿಇಯಲ್ಲಿ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಬಿಇ ಇದೆ. ಅದಕ್ಕೆ ಪಿಯುಸಿಯಲ್ಲಿ ಗಣಿತ ಬೇಕೇಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ ಅಂದರೆ ಎಲ್ಲರಿಗೂ ಪರಿಸರ ವಿಜ್ಞಾನವೇ ನೆನಪಾಗುತ್ತದೆ. ಅಲ್ಲೂ ಒಂದೊಂದು ಹುದ್ದೆಗೆ ಒಂದೊಂದು ಪದವಿ ಕೇಳುತ್ತಾರೆ. ಹಳೆಯ ಅಧಿಸೂಚನೆ ಒಂದನ್ನು ಹುಡುಕಿ ಓದಿಬಿಡಿ.

ಖಾಸಗಿ ವಲಯದಲ್ಲಿ ಜಾಸ್ತಿ ಕೆಲಸ ಇರುವುದು ನೀರು-ಗಾಳಿ ಪರೀಕ್ಷೆಯ ಲ್ಯಾಬ್‌ಗಳಲ್ಲಿ, ಕಾರ್ಖಾನೆಗಳ ಸುರಕ್ಷತೆ ವಿಭಾಗದಲ್ಲಿ, ಪರಿಸರ ಪರಿಣಾಮದ ವರದಿ ಬರೆಯುವ ಕನ್ಸಲ್ಟೆನ್ಸಿಗಳಲ್ಲಿ. ಈ ಕನ್ಸಲ್ಟೆನ್ಸಿಗಳಿಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಬೇಕು. ಅದಕ್ಕಾಗಿ ನೀರು, ಗಾಳಿ, ಶಬ್ದ, ಜೀವವೈವಿಧ್ಯ, ಅಂತರ್ಜಲ ಹೀಗೆ ಒಂದೊಂದು ಕ್ಷೇತ್ರಕ್ಕೂ ಪರಿಣತರನ್ನು ತೋರಿಸಬೇಕು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರಿಗಿಂತ ಒಂದನ್ನು ಚೆನ್ನಾಗಿ ಬಲ್ಲವರಿಗೆ ಅಲ್ಲಿ ಬೆಲೆ.

ಹೆಜ್ಜೆ 3: ಅರ್ಜಿ

ಬಿಎಸ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಸಿಇಟಿ, ನೀಟ್ ಯಾವುದೂ ಬೇಡ. ಸರ್ಕಾರಿ ಕಾಲೇಜಿಗಾದರೆ ಯುಯುಸಿಎಂಎಸ್ ಎಂಬ ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್ ಇಟ್ಟುಕೊಳ್ಳಿ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೈಯಲ್ಲಿರಲಿ. ಅವಧಿ ಮುಗಿದಿದ್ದರೆ ಅಡ್ಮಿಷನ್‌ಗೆ ಮುಂಚೆಯೇ ನಾಡಕಚೇರಿಗೆ ಹೋಗಿ ಬನ್ನಿ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಬೇರೆ. ಅದರ ದುಡ್ಡು ಆಧಾರ್ ಸೀಡಿಂಗ್ ಆದ (ಆಧಾರ್ ಜೋಡಿಸಿದ) ಬ್ಯಾಂಕ್ ಖಾತೆಗೆ ಮಾತ್ರ ಬೀಳುತ್ತದೆ.

ಆರ್ಟ್ಸ್ ಓದಿದವರು ಬೇಜಾರಾಗಬೇಕಿಲ್ಲ. ಪರಿಸರ ವಿಜ್ಞಾನ ಬೇರೆ, ಪರಿಸರ ಅಧ್ಯಯನ ಬೇರೆ. ಎರಡನೆಯದರಲ್ಲಿ ನೀತಿ, ಅರ್ಥಶಾಸ್ತ್ರ, ಸಮಾಜ, ಕಾನೂನು ಮುಖ್ಯ. ಭೂಗೋಳವೋ ಅರ್ಥಶಾಸ್ತ್ರವೋ ಸಮಾಜಶಾಸ್ತ್ರವೋ ಇಟ್ಟುಕೊಂಡು ಬಿಎ ಮಾಡಿ ಆಮೇಲೆ ಆ ಕಡೆ ಹೊರಳಬಹುದು. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಎಂಎ ಪರಿಸರ ಅಧ್ಯಯನಕ್ಕೆ ಯಾವ ಡಿಗ್ರಿ ಆದವರೂ ಸೇರಬಹುದು.

ಹೆಜ್ಜೆ 4: ಕ್ರೆಡಿಟ್ ಲೆಕ್ಕ

ಕ್ರೆಡಿಟ್ ಅಂದರೆ ಗಂಟೆ ಲೆಕ್ಕ, ಬೇರೇನಲ್ಲ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿದರೆ ಒಂದು ಕ್ರೆಡಿಟ್, ಅಂದರೆ 15 ಗಂಟೆ. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆ ನಿಂತರೆ ಒಂದು ಕ್ರೆಡಿಟ್. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್. ಸೆಮಿಸ್ಟರಿಗೆ ಸರಾಸರಿ 20 ಬಿತ್ತು. ಹಾಜರಾತಿ ಶೇ 75 ಇರಬೇಕು.

ಕರ್ನಾಟಕದಲ್ಲಿ ಒಂದು ತಿರುವು ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು ನಾಲ್ಕು ವರ್ಷದ ಆನರ್ಸ್ ಶುರುವಾಯಿತು. 2024-25ರಿಂದ ಸೇರಿದವರಿಗೆ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ವಿಷಯದ ಪದ್ಧತಿಗೆ ಮರಳಿತು. ಹಾಗಾಗಿ ಅಕ್ಕ ಓದಿದ ನಿಯಮ ತಂಗಿಗೆ ಅನ್ವಯಿಸುವುದಿಲ್ಲ. ಸೀನಿಯರ್ ಮಾತು ಕೇಳಿ ಲೆಕ್ಕ ಹಾಕಬೇಡಿ, ನಿಮ್ಮ ಬ್ಯಾಚಿನ ರೆಗ್ಯುಲೇಷನ್ ತೆಗೆದು ನೋಡಿ. ನನಗಂತೂ ಮೂರು ವಿಷಯದ ಪದ್ಧತಿ ಪರಿಸರ ಓದುವವರಿಗೆ ಅನುಕೂಲ ಅನ್ನಿಸುತ್ತದೆ. ಕಾರಣ ಎರಡನೇ ಹೆಜ್ಜೆಯಲ್ಲೇ ಇದೆ.

ಹೆಜ್ಜೆ 5: ಲ್ಯಾಬ್‌ಗೆ ಹೆದರಬೇಡಿ, ಆದರೆ ಕೆಮಿಸ್ಟ್ರಿ ಬಿಡಬೇಡಿ

ಗಿಡ ನೆಡುವುದು, ಜಾಥಾ ಹೋಗುವುದು ಅಂದುಕೊಂಡು ಬರುವ ಮಕ್ಕಳಿಗೆ ಮೊದಲ ಲ್ಯಾಬ್‌ನಲ್ಲೇ ಆಶ್ಚರ್ಯ ಕಾದಿರುತ್ತದೆ. ಬ್ಯುರೆಟ್, ಪಿಪೆಟ್, ನಾರ್ಮಾಲಿಟಿ. ಒಂದು ಉದಾಹರಣೆ ಹೇಳುತ್ತೇನೆ.

ಕೆರೆ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡಬೇಕು. ವಿಂಕ್ಲರ್ ವಿಧಾನ. 300 ಎಂಎಲ್ ಗಾಜಿನ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ ತುಂಬಿ, ಅಲ್ಲೇ ಬಿರಡೆ ಹಾಕಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಲೆಕ್ಕ ಕೆಟ್ಟಿತು. ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆತ ಅಯೊಡೈಡ್-ಅಜೈಡ್ ಹಾಕುತ್ತೇವೆ. ಪಿಪೆಟ್ ತುದಿ ನೀರಿನೊಳಗೇ ಇರಬೇಕು. ಬಿರಡೆ ಮುಚ್ಚಿ ಬಾಟಲಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗೆ ಕಂದು ಬಣ್ಣದ ಗಸಿ ಏಳುತ್ತದೆ. ಕಂದು ಬಂದರೆ ಆಮ್ಲಜನಕ ಇದೆ ಅಂತ ಅರ್ಥ. ಲ್ಯಾಬ್‌ಗೆ ತಂದು ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಗಸಿ ಕರಗಿ ನೀರು ಡಿಕಾಕ್ಷನ್ ಬೆರೆಸಿದ ಹಾಗೆ ಕಾಣುತ್ತದೆ. ಥಯೋಸಲ್ಫೇಟ್ ಹನಿ ಹನಿ ಬಿಡುತ್ತಾ ಹೋದರೆ ತಿಳಿ ಹಳದಿಯಾಗುತ್ತದೆ. ಆಗ ಗಂಜಿ ದ್ರಾವಣ ಎರಡು ಹನಿ. ಕಡುನೀಲಿ. ಇನ್ನೊಂದಿಷ್ಟು ಹನಿಗೆ ನೀಲಿ ಫಕ್ಕನೆ ಮಾಯ. ಬ್ಯುರೆಟ್‌ನಲ್ಲಿ ಎಷ್ಟು ಇಳಿಯಿತು ಅಂತ ಓದಿ ಬರೆದುಕೊಳ್ಳಬೇಕು, ಆಮ್ಲಜನಕದ ಲೆಕ್ಕ ಬರುವುದು ಅದರಿಂದಲೇ.

ಒಂದು ವರ್ಷ ಊರಾಚೆಯ ಕೆರೆಯಿಂದ ಹುಡುಗರು ಬಾಟಲಿ ತುಂಬಿದರು. ಗಸಿ ಕಂದು ಆಗಲಿಲ್ಲ, ಮೊಸರಿನ ಹಾಗೆ ಬೆಳ್ಳಗೆ ನಿಂತಿತು. ಕೆಮಿಕಲ್ ಹಾಳಾಗಿದೆ ಅಂತ ಒಬ್ಬ ಇನ್ನೊಂದು ಬಾಟಲಿ ತುಂಬಿದ. ಅದೂ ಬಿಳಿ. ಕೆಮಿಕಲ್ ಸರಿಯಾಗೇ ಇತ್ತು, ನೀರಿನಲ್ಲಿ ಆಮ್ಲಜನಕವೇ ಇರಲಿಲ್ಲ. ದಡದಲ್ಲಿ ಯಾರೂ ಮಾತಾಡಲಿಲ್ಲ. ಆ ಬ್ಯಾಚಿನವರು ರೆಕಾರ್ಡ್ ಕಾಪಿ ಹೊಡೆಯಲಿಲ್ಲ ಅಂತ ನನಗೆ ಗ್ಯಾರಂಟಿ ಗೊತ್ತು.

ಹೆಜ್ಜೆ 6: ಎಂಎಸ್ಸಿ ಮತ್ತು ಮುಂದೆ

ಬರೀ ಬಿಎಸ್ಸಿಯಲ್ಲಿ ನಿಲ್ಲುವವರಿಗೆ ಈ ಕ್ಷೇತ್ರದಲ್ಲಿ ಕೆಲಸ ಕಡಿಮೆ. ಬೆಂಗಳೂರು, ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ದೆಹಲಿಯ ಜೆಎನ್‌ಯುನಲ್ಲಿ ಇದಕ್ಕೇ ಒಂದು ಸ್ಕೂಲ್ ಇದೆ, ಅಲ್ಲಿಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಎಂಎಸ್ಸಿ ಸೇರಲು ಬಿಎಸ್ಸಿಯಲ್ಲಿ ಪರಿಸರ ವಿಜ್ಞಾನವೇ ಇರಬೇಕು ಅಂತ ಎಲ್ಲಾ ಕಡೆ ಹೇಳುವುದಿಲ್ಲ. ಕೆಮಿಸ್ಟ್ರಿ, ಬಾಟನಿ ಓದಿ ಬಂದವರನ್ನೂ ತೆಗೆದುಕೊಳ್ಳುವ ವಿಭಾಗಗಳಿವೆ. ಪ್ರಾಸ್ಪೆಕ್ಟಸ್‌ನಲ್ಲಿ ಅರ್ಹ ವಿಷಯಗಳ ಪಟ್ಟಿ ನೋಡಿ.

ಎಂಎಸ್ಸಿಯ ನಾಲ್ಕನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್. ಇಲ್ಲಿ ಹೆಚ್ಚಿನವರು ಎಡವುವುದು ಕಾಲದ ಲೆಕ್ಕದಲ್ಲಿ. ಪಾವಗಡದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಎಷ್ಟಿದೆ ನೋಡುತ್ತೇನೆ ಅಂತ ಇಟ್ಟುಕೊಳ್ಳಿ. ಕುಡಿಯುವ ನೀರಿಗೆ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಆದರೆ ಮಳೆಗೆ ಮುಂಚಿನ ನೀರು, ಮಳೆ ಆದ ಮೇಲಿನ ನೀರು ಎರಡನ್ನೂ ಹೋಲಿಸಿದರೆ ತಾನೇ ಮಾತಾಡಲು ಏನಾದರೂ ಇರುವುದು? ನಾಲ್ಕನೇ ಸೆಮಿಸ್ಟರ್ ಬಂದ ಮೇಲೆ ಮಳೆಗಾಲ ಹಿಂದಕ್ಕೆ ಬರುವುದಿಲ್ಲ. ಮೂರನೇ ಸೆಮಿಸ್ಟರ್‌ನಲ್ಲೇ ಬಾಟಲಿ ಹಿಡಿದು ಹೊರಡಿ.

ನೆಟ್‌ನಲ್ಲಿ ಪರಿಸರ ವಿಜ್ಞಾನ ಒಂದು ವಿಷಯವಾಗಿದೆ. ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪೇಪರ್ ಇದೆ. ವನ್ಯಜೀವಿಗಳ ಹುಚ್ಚು ಇದ್ದವರು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ವನ್ಯಜೀವಿ ಎಂಎಸ್ಸಿ ನೋಡಬಹುದು. ಸೀಟು ಬಹಳ ಕಡಿಮೆ, ಪೈಪೋಟಿ ಜೋರು.

ಹೆಜ್ಜೆ 7: ಸಿಲಬಸ್ ಎತ್ತಿಡಿ

ಇದನ್ನು ಯಾವ ಕೈಪಿಡಿಯಲ್ಲೂ ನಾನು ನೋಡಿಲ್ಲ. ಡಿಗ್ರಿ ಓದುವಾಗ ಪ್ರತಿ ಸೆಮಿಸ್ಟರ್‌ನ ಸಿಲಬಸ್ ಪಿಡಿಎಫ್ ಇಳಿಸಿ, ಇಮೇಲ್‌ನಲ್ಲಿ ನಿಮಗೇ ಕಳಿಸಿಟ್ಟುಕೊಳ್ಳಿ. ಯಾವ ವರ್ಷದ್ದು ಅಂತ ಹೆಸರು ಹಾಕಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೊರದೇಶದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದ. ಯಾವ ಪೇಪರ್‌ನಲ್ಲಿ ಏನು ಓದಿದ್ದೆ, ಎಷ್ಟು ಗಂಟೆ ಓದಿದ್ದೆ ಅಂತ ಅವರು ಕೇಳಿದರು. ಅಷ್ಟು ಹೊತ್ತಿಗೆ ಎರಡು ಸಲ ಸಿಲಬಸ್ ಬದಲಾಗಿ ವೆಬ್‌ಸೈಟ್‌ನಿಂದ ಹಳೆಯದು ಹೋಗಿತ್ತು. ನಾನೂ ಅಟೆಂಡರ್ ಕೂಡ ಸ್ಟಾಫ್ ರೂಮಿನ ಬೀರು ಖಾಲಿ ಮಾಡಿ ಹುಡುಕಿದೆವು. ಸಿಕ್ಕಿತು. ಮೂರನೇ ಸೆಮಿಸ್ಟರ್‌ನ ಅರ್ಧ ಪುಟ ಮಾತ್ರ ಗೆದ್ದಲು ತಿಂದಿತ್ತು. ಉಳಿದದ್ದನ್ನು ಸ್ಕ್ಯಾನ್ ಮಾಡಿ, ಸೀಲು ಹಾಕಿಸಿ ಕಳಿಸಿದೆವು.