ಏಳು ಪದ್ಯಗಳ ಭಾಷಣ

ಪದವಿಯ ಮೊದಲ ವರ್ಷದಲ್ಲಿ ಮಂಗಳೂರಿನ ಕಾಲೇಜೊಂದರ ಭಾಷಣ ಸ್ಪರ್ಧೆಗೆ ನಾನು ಐದು ನಿಮಿಷದ ಭಾಷಣವನ್ನು ಒಂದಕ್ಷರವೂ ತಪ್ಪದಂತೆ ಉರು ಹೊಡೆದುಕೊಂಡು ಹೋಗಿದ್ದೆ. ಮೂರನೆಯ ನಿಮಿಷದಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. "ಆದ್ದರಿಂದ" ಎಂದವನು ಅಲ್ಲಿಯೇ ನಿಂತುಬಿಟ್ಟೆ. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ, ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ಮುಂದಿನ ಪದ ಸಿಗುವ ಸ್ಥಿತಿ ನನ್ನದಾಗಿತ್ತು. ಅದೇ "ಆದ್ದರಿಂದ"ವನ್ನು ಇನ್ನೂ ಮೂರು ಸಲ ಹೇಳಿ, ಕೈಮುಗಿದು ವೇದಿಕೆಯಿಂದ ಇಳಿದೆ.

ಮರುವರ್ಷ ದಲಿತರ ಏಳಿಗೆಗೆ ದುಡಿದ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಬಗ್ಗೆ ಮಾತನಾಡುವುದೆಂದು ತೀರ್ಮಾನಿಸಿ, ಬರೆದದ್ದನ್ನು ಉಡುಪಿಯಲ್ಲಿರುವ ಸೋದರಮಾವನಿಗೆ ಓದಿ ಹೇಳಿದೆ. ಮಾವ ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಹವ್ಯಾಸಿ ಅರ್ಥಧಾರಿ; ಪಾತ್ರದ ಮಾತನ್ನು ಗಂಟೆಗಟ್ಟಲೆ ಮಾತನಾಡಿದರೂ ಕೈಯಲ್ಲಿ ಒಂದು ಚೀಟಿ ಇರುವುದಿಲ್ಲ. ಪೂರ್ತಿ ಕೇಳಿದ ಮೇಲೆ, "ಇದು ಗಿಳಿಪಾಠ ಮಾರಾಯ, ಇದರಲ್ಲಿ ಪದ್ಯ ಎಲ್ಲುಂಟು?" ಎಂದರು. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಅದನ್ನು ಹಿಡಿದು ಮಾತು ಬೆಳೆಸುತ್ತಾನೆ. ಒಂದು ಕಡೆ ಮಾತು ತಪ್ಪಿದರೂ ಮುಂದಿನ ಪದ್ಯ ಅವನನ್ನು ದಾರಿಗೆ ತರುತ್ತದೆ. ನನ್ನ ಭಾಷಣದಲ್ಲಿ ಹಾಗೆ ಕೈಹಿಡಿಯುವಂಥದ್ದೇನೂ ಇರಲಿಲ್ಲ.

ಆದ್ದರಿಂದ (ಈ ಪದ ಈಗ ಹೆದರಿಸುವುದಿಲ್ಲ) ಭಾಷಣವನ್ನು ಏಳು ತುಂಡು ಮಾಡಿ, ಒಂದೊಂದಕ್ಕೂ ಎರಡು ಮೂರು ಪದಗಳ 'ಪದ್ಯ'ವೊಂದನ್ನು ಕಟ್ಟಿಕೊಂಡೆ. ಅಕ್ಷರಶಃ ಬಾಯಿಪಾಠ ಮಾಡಿದ್ದು ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ. ನಡುವಿನದನ್ನು ಪ್ರತಿದಿನ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದೆ; ಹತ್ತು ದಿನ ಕಳೆಯುವಷ್ಟರಲ್ಲಿ ಒಳ್ಳೆಯ ವಾಕ್ಯಗಳು ತಾವಾಗಿಯೇ ನೆಲೆನಿಂತವು. ಅಭ್ಯಾಸವನ್ನು ಕೊನೆಯ ತುಂಡಿನಿಂದ ಆರಂಭಿಸಿ ಹಿಂದೆ ಹಿಂದೆ ಹೋದೆ. ಯಾವಾಗಲೂ ಮೊದಲಿನಿಂದಲೇ ಶುರು ಮಾಡಿದರೆ ಆರಂಭ ನೂರು ಸಲ, ಅಂತ್ಯ ಹತ್ತು ಸಲ ಹೇಳಿದಂತಾಗುತ್ತದೆ; ಹಿಂದಿನ ವರ್ಷ ನಾನು ಮಾಡಿದ್ದು ಅದನ್ನೇ.

ಇಸವಿಗಳು ಮಾತ್ರ ಕಾಡಿದವು. ರಂಗರಾಯರು ಕಾಸರಗೋಡಿನಲ್ಲಿ ಹುಟ್ಟಿದ್ದು 1859ರಲ್ಲಿ, ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ್ದು 1897ರಲ್ಲಿ, ತೀರಿಕೊಂಡದ್ದು 1928ರಲ್ಲಿ. ನನ್ನ ಬಾಯಲ್ಲಿ 1897 ಪದೇ ಪದೇ 1879 ಆಗುತ್ತಿತ್ತು. ಕೊನೆಗೆ ಇಸವಿಯನ್ನು ಬಿಟ್ಟು, ಮೂವತ್ತೆಂಟರ ಗೃಹಸ್ಥನೊಬ್ಬ ಊರಿನ ಬಹಿಷ್ಕಾರಕ್ಕೆ ಹೆದರದೆ ದಲಿತ ಮಕ್ಕಳಿಗೆ ಶಾಲೆ ನಡೆಸಿದ ಚಿತ್ರವನ್ನು ಹಿಡಿದೆ. ವಯಸ್ಸು ನೆನಪಾದರೆ ಇಸವಿ ಲೆಕ್ಕದಲ್ಲಿ ಸಿಗುತ್ತದೆ.

ಒಂದು ಭಾನುವಾರ ಮಂಗಳೂರಿನ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಗೆ ಹೋಗಿ ಬಂದೆ. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸಕ್ಕೆ ಸೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆಯನ್ನು ಪುಸ್ತಕದಲ್ಲಿ ಹಲವು ಸಲ ಓದಿದ್ದೆ. ಅಲ್ಲಿ ನಿಂತ ಮೇಲೆ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. 'ಕಾರಿನ ಧೂಳು' ಏಳನೆಯ ಪದ್ಯವಾಯಿತು.

ಧ್ವನಿಗಾಗಿ ಮಲ್ಪೆಗೆ ಹೋಗಿ ಅಲೆಗಳ ಅಬ್ಬರಕ್ಕೆ ಎದುರಾಗಿ ನಿಂತು ಹೇಳಿದ್ದೂ ಉಂಟು. ಗಂಟಲು ಕಟ್ಟಿತೇ ಹೊರತು ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಅದಕ್ಕಿಂತ ಉಪಕಾರವಾದದ್ದು ಮನೆಯ ಜಗಲಿಯಲ್ಲಿ ಮಾವ ಕೊಟ್ಟ ಕಿರುಕುಳ. ನಾನು ಮಾತನಾಡುವಾಗ ಅವರು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುವರು, ಎದ್ದು ಒಳಗೆ ಹೋಗುವರು, ಅತ್ತೆಯನ್ನು ಕರೆದು ಚಹಾ ಕೇಳುವರು. ಲೋಟ ಬಡಿದಲ್ಲಿ ಒಂದು ಉಸಿರು ನಿಲ್ಲಿಸಿ, ಹಿಡಿದ ಪದ್ಯದಿಂದಲೇ ಮುಂದುವರಿಯಬೇಕು, ಕ್ಷಮಿಸಿ ಎನ್ನಕೂಡದು ಎಂಬುದು ಕರಾರು. ಗಡಿಯಾರ ಹಿಡಿದು ನೋಡಿದಾಗ ನನ್ನ ವೇಗಕ್ಕೆ ಐದು ನಿಮಿಷಕ್ಕೆ ಸುಮಾರು 400 ಪದ ಸಾಕಾಗುತ್ತಿತ್ತು. ನಾನು ಬರೆದದ್ದು 520. ಕಡಿಮೆ ಮಾಡಿದ್ದು ಬಹುಪಾಲು ವಿಶೇಷಣಗಳನ್ನು.

ಸಭಾಕಂಪನ ಆ ದಿನವೂ ಬಂತು. ಬಾಯಿ ಒಣಗಿತು, ಮೊಣಕಾಲು ನಡುಗಿತು. ಹೆಸರು ಕರೆದ ಮೇಲೆ ಅವಸರಪಡದೆ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಟ್ಟು, ಮೈಕನ್ನು ನನ್ನ ಎತ್ತರಕ್ಕೆ ಸರಿಪಡಿಸಿ, ಮೂರನೆಯ ಸಾಲಿನಲ್ಲಿದ್ದ ಒಬ್ಬರ ಮುಖ ನೋಡಿ ಬಾಯಿಪಾಠದ ಎರಡು ವಾಕ್ಯಗಳನ್ನು ಹೇಳಿದೆ. ಅಷ್ಟರಲ್ಲಿ ನಡುಕ ಇಳಿದಿತ್ತು. ಐದನೆಯ ಪದ್ಯದ ಹೊತ್ತಿಗೆ ಎಚ್ಚರಿಕೆಯ ಗಂಟೆ ಬಾರಿಸಿತು, ಆರನೆಯದು ಪೂರ್ತಿ ಅಳಿಸಿಹೋಯಿತು. ಒಂದು ಉಸಿರು ನಿಂತೆ. ಕಾರಿನ ಧೂಳು ನೆನಪಾಯಿತು. ಅಲ್ಲಿಂದ ಕೊನೆಯವರೆಗೆ ಸಲೀಸಾಗಿ ಹೋದೆ.

ಎರಡನೆಯ ಬಹುಮಾನ ಬಂತು. ತೀರ್ಪುಗಾರರೊಬ್ಬರು ಧೂಳಿನ ಮಾತಿಗೆ ಮುಂಚಿನ ಆ ಮೌನವನ್ನು ವಿಶೇಷವಾಗಿ ಮೆಚ್ಚಿಕೊಂಡರು. ರಂಗರಾಯರ ಮಗಳು, ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಯ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ರಾಧಾಬಾಯಿ ಸುಬ್ಬರಾಯನ್ ಅವರ ಭಾಗವೇ ಆ ಮೌನದಲ್ಲಿ ಹಾರಿಹೋಗಿತ್ತೆಂದು ಸಭೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಉಡುಪಿಯ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಮಾವ, ಟಿಕೆಟ್ ಮಾಡಿದ ಮೇಲೆ ಮೆಲ್ಲಗೆ ಕೇಳಿದರು: "ರಾಧಾಬಾಯಿಯವರನ್ನು ಎಲ್ಲಿ ಇಳಿಸಿದೆ ಮಾರಾಯ?"