ಸ್ಟಾಸಿ ಕಡತವನ್ನು ಓದುವ ಕ್ರಮ

ಪೂರ್ವ ಜರ್ಮನಿಯ ರಾಜ್ಯ ಭದ್ರತಾ ಸಚಿವಾಲಯ, ಅಂದರೆ ಸ್ಟಾಸಿ, ಬಿಟ್ಟುಹೋದ ಕಾಗದಪತ್ರಗಳನ್ನು ಸಾಲಾಗಿ ಜೋಡಿಸಿಟ್ಟರೆ ಸುಮಾರು 111 ಕಿಲೋಮೀಟರ್ ಉದ್ದವಾಗುತ್ತವೆ. 1992ರ ಜನವರಿಯಿಂದ ಸಂಬಂಧಪಟ್ಟವರು ತಮ್ಮ ಕಡತಗಳನ್ನು ತಾವೇ ನೋಡಬಹುದಾಗಿದೆ. ಆಯ್ದ ದಾಖಲೆಗಳ ಪ್ರತಿಗಳು ಅಂತರ್ಜಾಲದಲ್ಲಿಯೂ ಸಿಗುತ್ತವೆ. ಇವುಗಳನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: 1952ರ ಹಾಳೆಯನ್ನೂ 1980ರ ಹಾಳೆಯನ್ನೂ ಒಂದೇ ಸಂಸ್ಥೆಯ ಬರಹವೆಂದು ಓದುತ್ತಾರೆ. ಹೆಸರು ಒಂದೇ ಆದರೂ ಅದು ಮಾಡುತ್ತಿದ್ದ ಕೆಲಸ ಬದಲಾಗಿತ್ತು.

ಆದ್ದರಿಂದ ವಿಷಯಕ್ಕೆ ಹೋಗುವ ಮುನ್ನ ಹಾಳೆಯ ತಾರೀಖನ್ನು ನೋಡಿ. ಸಚಿವಾಲಯ ಹುಟ್ಟಿದ್ದು 1950ರ ಫೆಬ್ರವರಿ 8ರಂದು. 1953ರ ಜೂನ್ 17ರ ಕಾರ್ಮಿಕರ ದಂಗೆಯ ಮುನ್ಸೂಚನೆ ಹಿಡಿಯಲಾಗದೆ ಮೊದಲ ಸಚಿವ ವಿಲ್ಹೆಲ್ಮ್ ಝೈಸರ್ ಅಧಿಕಾರ ಕಳೆದುಕೊಂಡರು. 1957ರಿಂದ 1989ರವರೆಗೆ ಎರಿಖ್ ಮೀಲ್ಕೆ ಅದೇ ಕುರ್ಚಿಯಲ್ಲಿದ್ದರು. ಮೊದಲ ದಶಕದ ಕಡತಗಳಲ್ಲಿ ಹಿಂಸೆ ನೇರವಾಗಿದೆ. ವಾಲ್ಟರ್ ಲಿನ್ಸೆ ಎಂಬ ವಕೀಲರನ್ನು 1952ರ ಜುಲೈ 8ರಂದು ಪಶ್ಚಿಮ ಬರ್ಲಿನ್ನಿನ ಅವರ ಮನೆಯ ಬಳಿಯೇ ಹಿಡಿದು ಕಾರಿನಲ್ಲಿ ಪೂರ್ವಕ್ಕೆ ಎಳೆದೊಯ್ದರು; ಮರುವರ್ಷ ಮಾಸ್ಕೋದಲ್ಲಿ ಅವರಿಗೆ ಮರಣದಂಡನೆಯಾಯಿತು.

ಎರಡನೆಯದಾಗಿ, ಕ್ರಿಯಾಪದಗಳಿಗೆ ಗಮನ ಕೊಡಿ. ನನ್ನ ಮಟ್ಟಿಗೆ ಇದಕ್ಕಿಂತ ಉತ್ತಮವಾದ ಸಾಧನ ಬೇರೊಂದಿಲ್ಲ. ಹಳೆಯ ಹಾಳೆಗಳಲ್ಲಿ ಬಂಧಿಸುವುದು, ತಪ್ಪೊಪ್ಪಿಸುವುದು, ಶಿಕ್ಷೆಗೆ ಗುರಿಪಡಿಸುವುದು ಮುಖ್ಯವಾಗಿದ್ದರೆ, 1970ರ ದಶಕದ ನಡುವಿನಿಂದ ಕದಡುವುದು, ಒಡೆಯುವುದು, ಸಂಶಯ ಬಿತ್ತುವುದು ಮುಂದೆ ಬರುತ್ತವೆ. ಇದಕ್ಕೆ ಕಾರಣ ದಯೆಯಲ್ಲ. 1973ರಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆದು, 1975ರಲ್ಲಿ ಮಾನವ ಹಕ್ಕುಗಳನ್ನು ಗೌರವಿಸುವ ಭರವಸೆಯಿದ್ದ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದ್ದ ಸರ್ಕಾರಕ್ಕೆ ರಾಜಕೀಯ ಕೈದಿಗಳ ಸುದ್ದಿ ಹೊರಜಗತ್ತಿಗೆ ತಲುಪುವುದು ದುಬಾರಿಯಾಗಿತ್ತು. 1976ರ ಜನವರಿಯಲ್ಲಿ ಹೊರಬಂದ 1/76 ಎಂಬ ನಿರ್ದೇಶನ ಈ ಹೊಸ ವಿಧಾನವನ್ನು ಕಚೇರಿಯ ಭಾಷೆಯಲ್ಲಿ ವಿವರಿಸುತ್ತದೆ: ಸತ್ಯಾಂಶವನ್ನೂ ನಂಬಲರ್ಹವಾದ ಸುಳ್ಳನ್ನೂ ಬೆರೆಸಿ ವ್ಯಕ್ತಿಯ ಮಾನ ಕಳೆಯುವುದು, ಉದ್ಯೋಗದಲ್ಲಿ ಸೋಲುಗಳನ್ನು ಏರ್ಪಡಿಸಿ ಆತ್ಮವಿಶ್ವಾಸ ಕುಗ್ಗಿಸುವುದು, ಅನಾಮಧೇಯ ಪತ್ರಗಳನ್ನು ಕಳುಹಿಸುವುದು, ಗೆಳೆಯರ ಗುಂಪಿನೊಳಗೆ ಪರಸ್ಪರ ಅಪನಂಬಿಕೆ ಹುಟ್ಟಿಸುವುದು. 1976ರಲ್ಲಿ ಬಂಧಿತರಾಗಿ ಮರುವರ್ಷ ಪಶ್ಚಿಮ ಬರ್ಲಿನ್ನಿಗೆ ಗಡೀಪಾರಾದ ಲೇಖಕ ಯೂರ್ಗೆನ್ ಫುಕ್ಸ್ ಅವರನ್ನು ಅಲ್ಲಿಯೂ ಬಿಡಲಿಲ್ಲ. ರಾತ್ರಿ ಫೋನು ಬಾರಿಸುವುದು, ಅವರ ಹೆಸರಿನಲ್ಲಿ ಬೇಡದ ಸಾಮಾನು ತರಿಸುವುದು ಮುಂತಾದ ಕಿರುಕುಳ ನಡೆದೇ ಇತ್ತು. ಇಂಥ ಹಾನಿಯನ್ನು ಪಕ್ಕದ ಮನೆಯವರಿಗೆ ಹೇಳಿದರೂ ನಂಬುವವರಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೂರನೆಯದಾಗಿ, ಕಡತದ ಬಗೆಯನ್ನು ಗುರುತಿಸಿ. ಓಪಿಕೆ ಎಂದಿದ್ದರೆ ವ್ಯಕ್ತಿಯೊಬ್ಬರ ಮೇಲಿನ ಪ್ರಾಥಮಿಕ ನಿಗಾ, ಓವಿ ಎಂದಿದ್ದರೆ ಪೂರ್ಣ ಪ್ರಮಾಣದ ಕಾರ್ಯಾಚರಣೆ, ಐಎಂ ಎಂದಿದ್ದರೆ ಬಾತ್ಮೀದಾರ. ಸ್ಟಾಸಿಯ ಸೂಚಿ ಕಾರ್ಡುಗಳಲ್ಲಿ ಎಫ್16 ಎಂಬುದರಲ್ಲಿ ನಿಜವಾದ ಹೆಸರಿರುತ್ತದೆ. ಅದರಲ್ಲಿರುವ ನೋಂದಣಿ ಸಂಖ್ಯೆಯನ್ನು ಹಿಡಿದು ಎಫ್22 ಕಾರ್ಡಿಗೆ ಹೋದರೆ ಪ್ರಕರಣ ಸಿಗುತ್ತದೆ. ಎರಡನ್ನೂ ಕೂಡಿಸದೆ ಯಾರ ಮೇಲೂ ಬಾತ್ಮೀದಾರರೆಂಬ ಆರೋಪ ಹೊರಿಸಬಾರದು.

ಬಾತ್ಮೀದಾರರ ವರದಿಗಳನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು. ಅನೇಕ ಸಲ ಅದು ಬಾತ್ಮೀದಾರರ ಮಾತಲ್ಲ, ಭೇಟಿಯ ನಂತರ ಅಧಿಕಾರಿ ಬರೆದುಕೊಂಡ ಸಾರಾಂಶ. ಮೇಲಧಿಕಾರಿ ಮೆಚ್ಚುವ ಪದಗಳು ಅಲ್ಲಿ ನುಸುಳಿರುತ್ತವೆ. 1989ರಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರೂ ಅಂದಾಜು 1,89,000 ಬಾತ್ಮೀದಾರರೂ ಇದ್ದ ಸಂಸ್ಥೆಯಲ್ಲಿ ವರದಿ ಬರೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ಆದುದರಿಂದ ಒಂದು ಘಟನೆಯನ್ನು ಕನಿಷ್ಠ ಎರಡು ಕಡತಗಳಲ್ಲಿ, ಸಾಧ್ಯವಾದರೆ ಬದುಕಿರುವವರ ನೆನಪಿನೊಂದಿಗೆ, ತಾಳೆ ನೋಡಿ. ಅಂಚಿನಲ್ಲಿ ಕೈಬರಹದ ಷರಾ ಇದ್ದರೆ ಅದನ್ನು ಬಿಡಬೇಡಿ. ಆದೇಶ ಹಲವು ಬಾರಿ ಅಲ್ಲಿಯೇ ಇರುತ್ತದೆ.

ಕೊನೆಯ ತಿಂಗಳುಗಳ ಕಾಗದಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. 1989ರ ನವೆಂಬರ್‌ನಲ್ಲಿ ಸಚಿವಾಲಯಕ್ಕೆ ರಾಷ್ಟ್ರೀಯ ಭದ್ರತಾ ಕಚೇರಿ ಎಂಬ ಹೊಸ ಹೆಸರು ಬಂತು. ಆ ತಲೆಬರಹವಿರುವ ಹಾಳೆ ಆ ಕೆಲವೇ ವಾರಗಳದ್ದು. ಆಗ ನೌಕರರು ಕಡತಗಳನ್ನು ನಾಶಮಾಡತೊಡಗಿದ್ದರು, ಯಂತ್ರಗಳು ಸಾಲದೆ ಕೈಯಿಂದಲೇ ಹರಿದರು. ಡಿಸೆಂಬರ್ 4ರಂದು ಎರ್ಫುರ್ಟ್‌ನಲ್ಲಿ ನಾಗರಿಕರು ಕಚೇರಿಯೊಳಗೆ ನುಗ್ಗಿ ಅದನ್ನು ತಡೆದರು. ಹರಿದ ಚೂರುಗಳ 15,000ಕ್ಕೂ ಹೆಚ್ಚು ಚೀಲಗಳು ಉಳಿದವು. ಅಂಟಿಸಿ ಜೋಡಿಸಿದ ಹಾಳೆ ನಿಮ್ಮ ಮುಂದೆ ಬಂದರೆ, ಯಾರೋ ಅದನ್ನು ಮೊದಲು ಹರಿಯಬೇಕೆಂದುಕೊಂಡಿದ್ದರು ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ.