ಮಳೆಗಾಲಕ್ಕೆ ಕಟ್ಟಿಗೆ ಬಾಯ್ಲರ್ ತೆಗೆದುಕೊಳ್ಳುವ ಮೊದಲು

"ಅಕ್ಕಾ, ಎಷ್ಟು ಲೀಟರಿನದ್ದು ತೆಗೆದುಕೊಂಡರೆ ಒಳ್ಳೆಯದು?" ಬಾಯ್ಲರ್ ಹಾಕಿಸಬೇಕು ಅಂತ ಹೊರಟವರೆಲ್ಲ ನನ್ನ ಹತ್ರ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಬೇರೆ. ನಿಮ್ಮಲ್ಲಿ ಒಲೆಗೆ ಹಾಕಲಿಕ್ಕೆ ಎಂತ ಉಂಟು? ಅದನ್ನು ಎಲ್ಲಿ ಒಣಗಿಸಿ ಇಡುತ್ತೀರಿ? ಹೊಗೆ ಎಲ್ಲಿಂದ ಹೋಗಬೇಕು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಲೀಟರಿನ ವಿಷಯ ಐದು ನಿಮಿಷದ ಮಾತು.

ನಮ್ಮ ಮನೆ ಇರುವುದು ಪರ್ಕಳದಲ್ಲಿ, ಇಳಿಜಾರಿನಲ್ಲಿ. ರಸ್ತೆಯಿಂದ ನೋಡಿದರೆ ಒಂದೇ ಮಹಡಿ. ಹಿಂದಿನಿಂದ ಇಳಿದರೆ ಕೆಳಗೆ ಇನ್ನೊಂದು ಕೋಣೆ, ಅದರ ಒಂದು ಗೋಡೆ ಪೂರ್ತಿ ಮಣ್ಣಿಗೆ ತಾಗಿಕೊಂಡಿದೆ. ಮಂಗಳೂರಿನ ಕದ್ರಿ, ಬೆಂದೂರು ಕಡೆಯ ಗುಡ್ಡದ ಮನೆಗಳಲ್ಲಿಯೂ ಇಂಥ ಕೋಣೆ ಬೇಕಾದಷ್ಟು ಉಂಟು. ಜೂನ್ ಬಂತೆಂದರೆ ಆ ಗೋಡೆ ಬೆವರುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಗ್ಗದ ಮೇಲಿನ ಬಟ್ಟೆಗೆ ಮುಗ್ಗಲು ವಾಸನೆ. ಮಾಡಿನ ಮೇಲಿನ ಸೋಲಾರ್ ಸೆಪ್ಟೆಂಬರ್‌ವರೆಗೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಕೆಳಗಿನ ಕೋಣೆಯಲ್ಲೇ ಕಟ್ಟಿಗೆ ಬಾಯ್ಲರ್ ಇಟ್ಟಿದ್ದೇವೆ. ಸ್ನಾನಕ್ಕೆ ನೀರೂ ಆಯ್ತು, ಬಟ್ಟೆಯೂ ಒಣಗಿತು, ಕೋಣೆಯ ಥಂಡಿಯೂ ಇಳಿಯಿತು. ನಿಮ್ಮದೂ ಇದೇ ಥರದ ಕೋಣೆಯಾದರೆ ಮುಂದಿನ ಮಾತು ನಿಮಗೆ.

ಮೊದಲು ಕಟ್ಟಿಗೆ. ತೆಂಗಿನ ತೋಟ ಇರುವವರ ಹತ್ರ ಮಡಲು, ಕೊತ್ತಳಿಗೆ, ಗೆರಟೆ, ಸಿಪ್ಪೆ ಎಲ್ಲ ಇರುತ್ತದೆ. ಎಲ್ಲವೂ ತೆಂಗಿನದ್ದೇ ಆದರೂ ಉರಿಯುವ ರೀತಿ ಬೇರೆ ಬೇರೆ. ಮಡಲು ಭಗ್ಗನೆ ಹೊತ್ತಿ ಅಷ್ಟೇ ಬೇಗ ಮುಗಿಯುತ್ತದೆ, ಉದ್ದ ಬಾಯಿಯ ಒಲೆ ಇದ್ದರೆ ಕಡಿಯುವ ಕೆಲಸ ತಪ್ಪುತ್ತದೆ. ಗೆರಟೆಗೆ ಕಾವು ಜಾಸ್ತಿ, ಕೆಂಡವೂ ಒಳ್ಳೆಯದು. ಸಿಪ್ಪೆ ಮಾತ್ರ ಹೊಗೆಯಾಡುತ್ತಾ ಕೂರುತ್ತದೆ. ಕೆಂಡ ಹಿಡಿದಿಡಲಿಕ್ಕೆ ಕೊನೆಗೆ ಎರಡು ಹಾಕಬಹುದು, ಅದನ್ನೇ ನೆಚ್ಚಿಕೊಂಡರೆ ಚಿಮಣಿ ತುಂಬ ಮಸಿ. ಕೊಂಡು ತರುವುದಾದರೆ ಗಾಳಿಮರ ಅಥವಾ ಅಕೇಶಿಯಾ ನೋಡಿ, ಗಟ್ಟಿ ಮರ, ಹೆಚ್ಚು ಹೊತ್ತು ಉರಿಯುತ್ತದೆ. ರಬ್ಬರ್ ಕಟ್ಟಿಗೆ ಸುಲಭಕ್ಕೆ ಸಿಗುತ್ತದೆ. ಆದರೆ ಅದಕ್ಕೆ ಬೂಷ್ಟು ಮತ್ತು ಹುಳು ಬೇಗ ಹಿಡಿಯುತ್ತದೆ, ಮಳೆಗಾಲಕ್ಕೆ ದಾಸ್ತಾನು ಇಡುವ ಮಾಲು ಅದಲ್ಲ.

ಗೇರುಬೀಜದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ ಅಂತ ಮನೆಗೆ ತರಬೇಡಿ. ಅದರ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಹೊಗೆಯಂತೂ ಕಣ್ಣು ಗಂಟಲು ಎರಡನ್ನೂ ಬಿಡುವುದಿಲ್ಲ. ಪೈಂಟ್ ಹಚ್ಚಿದ ಬಾಗಿಲು, ಪ್ಲೈವುಡ್ ತುಂಡು, ಉಪ್ಪು ನೀರು ಕುಡಿದ ಹಳೇ ದೋಣಿಯ ಹಲಗೆ ಕೂಡ ಬೇಡ. ಹೊಗೆಯಲ್ಲಿ ವಿಷ ಒಂದು ಕಡೆ, ಉಪ್ಪಿಗೆ ಬಾಯ್ಲರಿನ ತಗಡು ಹಾಳು ಇನ್ನೊಂದು ಕಡೆ.

ಇನ್ನು ಒಣಗಿಸುವುದು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ನೀವು ಹಾಕಿದ ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಸ್ನಾನದ ನೀರಿನ ಸರದಿ ಆಮೇಲೆ. ಒಣಗಿದ ಕಟ್ಟಿಗೆಯಲ್ಲಿ ನೀರು ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ನಮ್ಮ ಕಡೆಯ ಹವೆಗೆ ಅಷ್ಟಕ್ಕೆ ಬರಬೇಕಾದರೆ ಜನವರಿ, ಫೆಬ್ರವರಿಯಲ್ಲೇ ಸೀಳಿ ಬಿಸಿಲಿಗೆ ಹಾಕಬೇಕು. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರ ಬರುವ ಮೊದಲೇ ಮಾಡಿನ ಅಡಿಗೆ ಸೇರಿಸಬೇಕು. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ಡುಬ್ ಅನ್ನುತ್ತದೆ. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರಬೇಕು. ಒಲೆಯಲ್ಲಿಟ್ಟಾಗ ತುದಿಯಿಂದ ಬುಸ್ ಅಂತ ನೊರೆ ಬಂದರೆ ಅದು ಇನ್ನೂ ಒಣಗಿಲ್ಲ.

ಈಗ ಜಾಗ. ಕೆಳಗಿನ ಕೋಣೆಯಲ್ಲಿ ಬೆಂಕಿ ಹಾಕುವವರು ಹೆದರಬೇಕಾದ್ದು ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ್ದಕ್ಕೆ. ಗಾಳಿ ಸಾಲದೆ ಉರಿದ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಆದ್ದರಿಂದ ಕಟ್ಟಿಗೆ ಹಾಕುವ ಬಾಯಿ ಸ್ನಾನದ ಕೋಣೆಯ ಒಳಗೆ ಬೇಡವೇ ಬೇಡ. ಹಳೇ ಮನೆಗಳಲ್ಲಿ ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ ಇಡುತ್ತಿದ್ದರು. ಅದೇ ಸರಿ. ಬಾಯ್ಲರ್ ಇರುವ ಕೋಣೆಗೆ ಹೊರಗಿನಿಂದ ಗಾಳಿ ಬರಲಿಕ್ಕೆ ಮುಚ್ಚಲಾಗದ ಒಂದು ಕಿಂಡಿ ಇರಲಿ. ಸಾಧ್ಯ ಆದ್ರೆ ಪಡುವಣ ಗೋಡೆ ಬೇಡ, ಜುಲೈಯಲ್ಲಿ ಆ ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತದೆ. ಇನ್ನೊಂದು ಮಾತು, ಮೇಲೆ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ಮನೆಯ ಗಾಳಿಯನ್ನೆಲ್ಲ ಎಳೆಯುತ್ತದೆ. ಕೆಳಗಿನ ಚಿಮಣಿಯ ಹೊಗೆ ತಿರುಗಿ ಕೋಣೆಗೇ ಬರುತ್ತದೆ. ಬೆಂಕಿ ಇರುವಾಗ ಫ್ಯಾನ್ ಆಫ್ ಮಾಡಿ.

ಚಿಮಣಿಗೆ ಜನ ದುಡ್ಡು ಉಳಿಸುತ್ತಾರೆ. ಉಳಿಸಬಾರದ ಜಾಗ ಅದೇ. ಇಡೀ ಬಾಯ್ಲರನ್ನು ಉಸಿರಾಡಿಸುವುದು ಆ ಪೈಪು. ಉದ್ದ ಜಾಸ್ತಿ ಇದ್ದಷ್ಟು ಎಳೆತ ಜಾಸ್ತಿ, ಕೆಳಗಿನ ಕೋಣೆಯವರಿಗೆ ಇದೊಂದು ಲಾಭ. ಗೋಡೆಯಲ್ಲಿ ತೂತು ಮಾಡಿ ಅಡ್ಡಕ್ಕೆ ಹೊರಗೆ ಬಿಟ್ಟರೆ ಸಾಕು ಅನ್ನುವವರ ಮಾತು ಕೇಳಬೇಡಿ. ನೆಟ್ಟಗೆ ಮೇಲೆ ಹೋಗಲಿ, ತಿರುವು ಎರಡಕ್ಕಿಂತ ಜಾಸ್ತಿ ಬೇಡ. ತುದಿ ಮಾಡಿಗಿಂತ ಎಷ್ಟು ಮೇಲಿರಬೇಕು ಅನ್ನುವುದಕ್ಕೆ ಅಮೆರಿಕದಲ್ಲಿ ಒಂದು ಸುಲಭದ ಲೆಕ್ಕ ಉಂಟು: ಮಾಡಿನಿಂದ ಹೊರಬರುವ ಜಾಗಕ್ಕಿಂತ 3 ಅಡಿ ಮೇಲೆ, ಸುತ್ತ 10 ಅಡಿಯೊಳಗೆ ಇರುವ ಎಲ್ಲದಕ್ಕಿಂತ 2 ಅಡಿ ಮೇಲೆ. ಇಲ್ಲಿಗೂ ಅದೇ ಸಾಕು. ಹಂಚಿನ ಮಾಡಾದರೆ ಪೈಪು ಮರದ ಪಕ್ಕಾಸು, ರೀಪಿಗೆ ತಾಗಲೇಬಾರದು. ನಡುವೆ ಜಾಗ ಬಿಟ್ಟು ಸುತ್ತ ತಗಡಿನ ಕವಚ ಹಾಕಿಸಿ. ಸಿಮೆಂಟ್ ಪೈಪು ಕಾವಿಗೆ ಬಿರುಕು ಬಿಡುತ್ತದೆ. ಜಿಂಕ್ ಶೀಟಿನ ಪೈಪಿಗೆ ಕಡಲಗಾಳಿಯಲ್ಲಿ ಆಯುಷ್ಯ ಕಡಿಮೆ. ಸ್ಟೀಲಿನದ್ದೇ ಹಾಕಿಸಿ. ಕೆಳತುದಿಯಲ್ಲಿ ಮಸಿ ತೆಗೆಯಲಿಕ್ಕೆ ಮುಚ್ಚಳ, ಮೇಲೆ ಮಳೆ ಬೀಳದ ಹಾಗೆ ಟೊಪ್ಪಿ. ಟೊಪ್ಪಿ ಮತ್ತು ಪೈಪಿನ ನಡುವೆ ಒಂದು ಗೇಣಾದರೂ ಅಂತರ ಇರಲಿ.

ನನ್ನ ತಮ್ಮ ಇರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಅವರಲ್ಲಿ ನೆಲದಡಿಯ ಕೋಣೆಗೆ ಬೇಸ್‌ಮೆಂಟ್ ಅನ್ನುತ್ತಾರೆ, ಮನೆ ಬೆಚ್ಚಗಿಡಲಿಕ್ಕೆ ಅವನು ಅಲ್ಲಿ ಕೆಟಲಿಟಿಕ್ ಸ್ಟೋವ್ ಇಟ್ಟಿದ್ದಾನೆ. "ಅಕ್ಕ, ನಿಮ್ಮಲ್ಲಿಗೂ ಇಂಥದ್ದೇ ತರಿಸು" ಅಂತ ಫೋನಿನಲ್ಲಿ ಅವನ ಒತ್ತಾಯ. ವಿಷಯ ಚೆನ್ನಾಗಿಯೇ ಉಂಟು. ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡ ಕಟ್ಟಿಗೆಯೇ. ಅದು ತಾನಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆ ಸ್ಟೋವಿನಲ್ಲಿ ಒತ್ತೊತ್ತಾಗಿ ತೂತುಗಳಿರುವ ಒಂದು ಸೆರಾಮಿಕ್ ಬಿಲ್ಲೆ ಇರುತ್ತದೆ, ಅದಕ್ಕೆ ಪಲ್ಲಾಡಿಯಂ, ಪ್ಲಾಟಿನಂ ಲೇಪ. ಹೊಗೆ ಅದರೊಳಗೆ ಹಾದುಹೋದರೆ 260 ಡಿಗ್ರಿಯ ಆಸುಪಾಸಿನಲ್ಲೇ ಉರಿದುಹೋಗುತ್ತದೆ. ಹೊತ್ತಿಸುವಾಗ ಹೊಗೆಯನ್ನು ಬೇರೆ ದಾರಿಯಿಂದ ಬಿಟ್ಟು, ಕಾವು ಏರಿದ ಮೇಲೆ ಒಳಗಿನ ತಗಡು ಸರಿಸಿ ಬಿಲ್ಲೆಯ ಕಡೆ ತಿರುಗಿಸಬೇಕು. ರಾತ್ರಿಯಿಡೀ ಮಂದ ಉರಿಯಲ್ಲಿಟ್ಟು ಮಲಗುವವರಿಗೆ ಇದು ಬಹಳ ಉಪಯೋಗ. 2020ರಿಂದ ಅಲ್ಲಿ ಮಾರುವ ಹೊಸ ಸ್ಟೋವು ಗಂಟೆಗೆ 2 ಗ್ರಾಂಗಿಂತ ಜಾಸ್ತಿ ಹೊಗೆಯ ಕಣ ಬಿಡುವ ಹಾಗಿಲ್ಲ, ಮನೆಯಲ್ಲಿ ಉರಿಸುವಂಥ ಸೀಳಿದ ಕಟ್ಟಿಗೆಯಲ್ಲಿ ಪರೀಕ್ಷೆ ಮಾಡಿದರೆ ಎರಡೂವರೆ ಗ್ರಾಂವರೆಗೆ ಬಿಡುತ್ತಾರೆ.

ಆದರೆ ನಮಗೆ ಅದರಿಂದ ಏನು ಉಪಯೋಗ? ನಮ್ಮದು ಬೆಳಿಗ್ಗೆ ಮುಕ್ಕಾಲು ಗಂಟೆಯಷ್ಟು ಜೋರು ಬೆಂಕಿ, ಮುಗಿಯಿತು. ಬಿಲ್ಲೆ ಕಾವಿಗೆ ಬರುವಷ್ಟರಲ್ಲಿ ಮಕ್ಕಳ ಸ್ನಾನವೇ ಆಗಿರುತ್ತದೆ. ಹಸಿ ಕಟ್ಟಿಗೆ, ಪೈಂಟಿನ ಹಲಗೆ, ಪ್ಲಾಸ್ಟಿಕ್ ಬಿದ್ದರೆ ಆ ಲೇಪ ಕೆಡುತ್ತದೆ. ಸರಿಯಾಗಿ ನೋಡಿಕೊಂಡರೂ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಬಿಡಿಭಾಗ ಮಣಿಪಾಲದಲ್ಲಿ ಎಲ್ಲಿ ಹುಡುಕುವುದು ಮಾರಾಯ್ರೆ? ಅವನ ಮಾತಿನಲ್ಲಿ ನಾನು ಇಟ್ಟುಕೊಂಡದ್ದು ಒಂದೇ: ಚಿಮಣಿಯ ತುದಿ ನೋಡು. ಹೊತ್ತಿಸಿ ಹತ್ತು ನಿಮಿಷ ಕಳೆದ ಮೇಲೂ ದಟ್ಟ ಹೊಗೆ ಬರುತ್ತಿದ್ದರೆ ಕಟ್ಟಿಗೆ ಹಸಿ, ಇಲ್ಲವೇ ಗಾಳಿ ಸಾಲುತ್ತಿಲ್ಲ.

ಆ ಗಾಳಿಗೆ ಬೇಕಾದದ್ದು ಒಲೆಯೊಳಗಿನ ಕಬ್ಬಿಣದ ಜಾಲರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿ ಮನೆಗಳಿಗೆ ಅಸ್ತ್ರ ಒಲೆ ರೂಪಿಸಿದಾಗಲೂ ಜಾಲರಿ, ಮುಚ್ಚಿದ ಒಲೆ, ಚಿಮಣಿ ಇವನ್ನೇ ಹಿಡಿದರು. ಗಾಳಿ ಜಾಲರಿಯ ಅಡಿಯಿಂದ ಬರಬೇಕು, ಬೂದಿ ಕೆಳಗೆ ಉದುರಬೇಕು. ಅಂಗಡಿಯಲ್ಲಿ ಮೊದಲು ಬಾಗಿಲು ತೆಗೆದು ಟಾರ್ಚ್ ಹಾಕಿ ಒಳಗೆ ನೋಡಿ. ಜಾಲರಿ ಬೆಸುಗೆ ಹಾಕಿದ್ದಾದರೆ ಬೇಡ, ಅದು ಸುಟ್ಟು ಬಾಗುವ ಸಾಮಾನು, ಎತ್ತಿ ಬದಲಿಸಲಿಕ್ಕೆ ಬರಬೇಕು. ಬೂದಿ ಬಾಗಿಲಿನಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡಲಿಕ್ಕೆ ಸರಿಸುವ ತಗಡು ಉಂಟೋ ನೋಡಿ. ಆಮೇಲೆ ಕೈ ಹಾಕಿ ಟ್ಯಾಂಕಿನ ಅಡಿ ಮುಟ್ಟಿ. ನಡುವೆ ಹೊಗೆ ಪೈಪು ನೀರಿನ ಮಧ್ಯೆಯೇ ಮೇಲೆ ಹೋಗುವ ಬಾಯ್ಲರ್ ಒಳ್ಳೆಯದು, ಹೋಗುವ ಹೊಗೆಯ ಕಾವೂ ನೀರಿಗೆ ಸಿಗುತ್ತದೆ. ಆ ಪೈಪು ತಳಕ್ಕೆ ಸೇರುವ ಜಾಗದ ಬೆಸುಗೆಯೇ ಮೊದಲು ಸೋರುವುದು. ಬೆರಳಿಗೆ ಗುಳಿ, ಗಂಟು ಸಿಕ್ಕಿದರೆ ಬೇರೆ ತೋರಿಸಲು ಹೇಳಿ.

ಸ್ಟೀಲ್ ಯಾವುದು ಅಂತ ಕೇಳಿದರೆ ಆಯಸ್ಕಾಂತ ಹಿಡಿದು ತೋರಿಸುತ್ತಾರೆ. "ಅಂಟುವುದಿಲ್ಲ ನೋಡಿ ಅಮ್ಮ, 304." 304 ಅಂದರೆ ಸ್ಟೀಲಿನ ಒಂದು ದರ್ಜೆಯ ನಂಬರು. ಅದಕ್ಕಿಂತ ಅಗ್ಗದ 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಮಲ್ಪೆ, ಕಾಪು, ಉಳ್ಳಾಲದ ಕಡೆ ಬಾವಿಗೆ ಉಪ್ಪು ಬರುವವರಿಗೆ 304 ಕೂಡ ಸಾಲದು, ತೂತು ಬೀಳುತ್ತದೆ. 316 ಕೇಳಿ, ಇಲ್ಲವೇ ತಾಮ್ರ. ಒಳನಾಡಿನ ಮುರಕಲ್ಲಿನ ಬಾವಿ ನೀರಿಗೆ ಹುಳಿಯ ಗುಣ ಉಂಟು, ಅದು ತಾಮ್ರವನ್ನೂ ಜಿಐ ಪೈಪನ್ನೂ ಮೆಲ್ಲಗೆ ತಿನ್ನುತ್ತದೆ.

ಎಲ್ಲಕ್ಕಿಂತ ಮುಖ್ಯ ಆವಿ ಹೋಗುವ ಪೈಪು. ಟ್ಯಾಂಕಿನ ನೆತ್ತಿಯಿಂದ ಹೊರಟು ಮಾಡಿನ ಮೇಲಿನ ನೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಬಾಯಿ ತೆರೆದೇ ಇರಬೇಕು. ಅದರಲ್ಲಿ ವಾಲ್ವ್, ಟ್ಯಾಪ್ ಎಂಥದ್ದೂ ಬೇಡ. ಸಂಬಂಧಿಕರ ಮನೆಯೊಂದರಲ್ಲಿ ಪ್ಲಂಬರ್ ನೀರು ಹನಿಯುತ್ತದೆ ಅಂತ ಅದಕ್ಕೆ ಎಂಡ್ ಕ್ಯಾಪ್ ಹಾಕಿ ಹೋಗಿದ್ದ. ಟ್ಯಾಂಕು ಉಬ್ಬಿ ಬೆಸುಗೆ ಸೀಳಿತು. ಆಗ ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ಕೆಳಗಿನ ಕೋಣೆಯಲ್ಲಿ ಇಡುವವರಿಗೆ ನೀರಿನ ಒತ್ತಡವೂ ಜಾಸ್ತಿ. 10 ಮೀಟರ್ ಎತ್ತರದ ನೀರು ಅಂದರೆ ಚದರ ಸೆಂಟಿಮೀಟರಿಗೆ 1 ಕಿಲೋ ಭಾರ. ಚೌಕದ ಟ್ಯಾಂಕು ಇದಕ್ಕೆ ಉಬ್ಬುತ್ತದೆ, ಉರುಟಿನದ್ದೇ ತೆಗೆದುಕೊಳ್ಳಿ.

ಈಗ ಲೀಟರು. ನಾಲ್ಕು ಜನ, ತಲೆಗೆ ಒಂದೂವರೆ ಬಾಲ್ದಿ ಅಂದರೆ 120 ಲೀಟರ್ ಹದ ಬಿಸಿನೀರು, 40 ಡಿಗ್ರಿಯದ್ದು. ಬಾವಿ ನೀರು 27 ಡಿಗ್ರಿ ಅಂತ ಇಟ್ಟುಕೊಳ್ಳಿ. ಟ್ಯಾಂಕಿನಲ್ಲಿ 70 ಡಿಗ್ರಿಯ ನೀರು 36 ಲೀಟರ್ ಇದ್ದರೆ ತಣ್ಣೀರು ಬೆರೆಸಿ ಅಷ್ಟೂ ಆಗುತ್ತದೆ. 50 ಲೀಟರಿನ ಟ್ಯಾಂಕು ಧಾರಾಳ. ಅಂಗಡಿಯವರು 100 ಲೀಟರಿನದ್ದು ದಾಟಿಸಲು ನೋಡುತ್ತಾರೆ, ದಿನಾ ಅಷ್ಟು ನೀರು ಕಾಯಿಸಿ ತಣಿಯಲು ಬಿಡುವುದಕ್ಕೆ ಕಟ್ಟಿಗೆ ಯಾಕೆ ಹಾಳು? ಈ ಬಿಸಿಗೆ ಒಳ್ಳೆ ಬಾಯ್ಲರಿನಲ್ಲಿ ಒಣ ಕಟ್ಟಿಗೆ ಒಂದು ಕಿಲೋ ಚಿಲ್ಲರೆ ಬೇಕು, ಚಿಮಣಿ ಇಲ್ಲದ ತೆರೆದ ಒಲೆಗೆ ಮೂರು ನಾಲ್ಕು ಕಿಲೋ. ಕರೆಂಟಿನಲ್ಲಾದರೆ ಎರಡು ಯುನಿಟ್ ಒಳಗೆ. ಕಟ್ಟಿಗೆ ಪೂರ್ತಿ ಕೊಂಡೇ ತರಬೇಕಾದವರು ಮೆಸ್ಕಾಂ ಬಿಲ್ ಪಕ್ಕದಲ್ಲಿಟ್ಟು ಒಮ್ಮೆ ಲೆಕ್ಕ ಹಾಕಿ. ಬಟ್ಟೆ ಒಣಗಿಸುವ ಕೆಲಸ ಇಲ್ಲದಿದ್ದರೆ ಗೀಸರೇ ಸಾಕಾಗಬಹುದು.

ಮನೆಯಲ್ಲಿ ಬಾಣಂತನ ಇದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಬಾಣಂತಿಗೆ ಮೀಯಿಸುವ ನೀರಿಗೆ ಯಾವ 50 ಲೀಟರೂ ಸಾಲದು. ಇರುವ ಹಂಡೆ ಒಲೆಯನ್ನು ಕೀಳಬೇಡಿ, ಅದಕ್ಕೊಂದು ಜಾಲರಿ, ಚಿಮಣಿ ಹಾಕಿಸಿ. ದೀಪಾವಳಿಗೆ ನೀರು ತುಂಬುವ ದಿನ ಮಾಲೆ ಹಾಕಲಿಕ್ಕೂ ಅದೇ ಬೇಕಲ್ವಾ.

ಬಟ್ಟೆ ಒಣಗಿಸುವ ಹಗ್ಗ ಬಾಯ್ಲರಿನಿಂದ ಮೂರಡಿ ದೂರ ಇರಲಿ. ಅಮೆರಿಕದವರೂ ಸ್ಟೋವಿನ ಸುತ್ತ 36 ಇಂಚು ಬಿಡಬೇಕು ಅನ್ನುತ್ತಾರೆ. ಕಟ್ಟಿಗೆ ರಾಶಿಯೂ ಅಷ್ಟೇ ದೂರ. ಟ್ಯಾಂಕು ತುಂಬಿದೆಯೋ ಅಂತ ಟ್ಯಾಪ್ ತಿರುಗಿಸಿ ನೋಡದೆ ಕಡ್ಡಿ ಗೀರಬೇಡಿ. ಜೋರು ಮಳೆಯ ದಿನ ಚಿಮಣಿ ತಣ್ಣಗಾಗಿ ಹೊಗೆ ಕೆಳಗೇ ಸುತ್ತುತ್ತದೆ. ಆಗ ಮಸಿ ಮುಚ್ಚಳ ತೆಗೆದು ಪೈಪಿನ ಬುಡದಲ್ಲಿ ಒಂದು ಪೇಪರ್ ಉರಿಸಿ ಮುಚ್ಚಿ, ಎಳೆತ ಶುರುವಾಗುತ್ತದೆ.

ಆರ್ಡರ್ ಏಪ್ರಿಲ್ ಒಳಗೇ ಕೊಡಿ. ಮೇ ತಿಂಗಳಲ್ಲಿ ಫ್ಯಾಬ್ರಿಕೇಶನ್‌ನವರೆಲ್ಲ ಮಾಡಿಗೆ ಶೀಟ್ ಹಾಕುವ ಗಡಿಬಿಡಿಯಲ್ಲಿರುತ್ತಾರೆ. ಮಳೆ ಹಿಡಿದ ಮೇಲೆ ಹಂಚು ಸರಿಸಿ ಪೈಪು ಕೂರಿಸಲಿಕ್ಕೆ ಯಾರೂ ಮಾಡು ಹತ್ತುವುದಿಲ್ಲ.